ಹಿಂಬದಿ ಕೋಣೆಗೊಂದು ಉದ್ದಿಮೆ ಪರವಾನಗಿ: ನನ್ನ ಅನುಭವ

ಮೈಸೂರಿನ ಕುವೆಂಪುನಗರದಲ್ಲಿರುವ ನಮ್ಮ ಮನೆಯ ಹಿಂಬದಿ ಕೋಣೆಯಲ್ಲಿ ನಾನು ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ ಮಾಡಿ ಮಾರುತ್ತೇನೆ. ಬೇಸಿಗೆಯಲ್ಲಿ ಅರಳು ಸಂಡಿಗೆಯೂ ಸೇರಿಕೊಳ್ಳುತ್ತದೆ. ಇದನ್ನೆಲ್ಲ ಕಾಗದಪತ್ರಗಳ ಸಮೇತ ನಡೆಸುತ್ತಿದ್ದೇನೆಂದು ತಿಳಿದವರು ಕೇಳುವ ಮೊದಲ ಪ್ರಶ್ನೆ: ಮನೆಯಲ್ಲಿ ಮಾಡುವುದಕ್ಕೂ ಪಾಲಿಕೆಯ ಅನುಮತಿ ಬೇಕೇ? ಬೇಕು. ಅದನ್ನು ಪಡೆಯುವುದು ಜನ ಹೆದರಿಸುವಷ್ಟು ಕಷ್ಟವೇನಲ್ಲ. ಆದರೆ ಅರ್ಜಿ ಹಾಕುವ ಮೊದಲೇ ಮನೆಯಲ್ಲಿ ಕುಳಿತು ತೀರ್ಮಾನಿಸಬೇಕಾದ ಸಂಗತಿಗಳಿವೆ. ಹೊಸದಾಗಿ ಈ ಕೆಲಸಕ್ಕೆ ಇಳಿಯುವ ಹೆಂಗಸರು ಮಧ್ಯವರ್ತಿಗಳ ಕೈಗೆ ಸಾವಿರಗಟ್ಟಲೆ ಸುರಿಯುವುದನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಬೆಂಗಳೂರನ್ನು ಬಿಟ್ಟು ಮಹಾನಗರ ಪಾಲಿಕೆಯಿರುವ ಉಳಿದ ಊರುಗಳಿಗೆ ಅನ್ವಯಿಸುವುದು 1976ರ ಕರ್ನಾಟಕ ಪೌರ ನಿಗಮಗಳ ಕಾಯ್ದೆ. ಅದರ 353ನೇ ಪ್ರಕರಣದ ಪ್ರಕಾರ, ಅನುಸೂಚಿಯಲ್ಲಿ ಹೇಳಿರುವ ಕಸುಬುಗಳನ್ನು ಪರವಾನಗಿಯಿಲ್ಲದೆ ಯಾವ ಜಾಗದಲ್ಲೂ ನಡೆಸುವಂತಿಲ್ಲ. ನಗರಸಭೆ, ಪುರಸಭೆಗಳಿಗೆ 1964ರ ಕಾಯ್ದೆ, ಗ್ರಾಮ ಪಂಚಾಯಿತಿಗಳಿಗೆ 1993ರ ಕಾಯ್ದೆ ಇದೆ. ನನ್ನಂಥವರ ಕೆಲಸವೂ ಪರವಾನಗಿಯ ವ್ಯಾಪ್ತಿಗೆ ಬರುತ್ತದೆಂದು ವಲಯ ಕಚೇರಿಯ ಆರೋಗ್ಯ ನಿರೀಕ್ಷಕರು ಮೊದಲ ಭೇಟಿಯಲ್ಲೇ ಸ್ಪಷ್ಟಪಡಿಸಿದರು. ಮನೆ ಉದ್ದಿಮೆಗೆಂದು ಬೇರೆ ನಮೂನೆ ಇರಲಿಲ್ಲ. ಹೋಟೆಲಿನವರು, ಬೇಕರಿಯವರು ತುಂಬುವ ಅರ್ಜಿಯನ್ನೇ ನಾನೂ ತುಂಬಬೇಕಿತ್ತು.

ಆ ಅರ್ಜಿಯನ್ನು ಮನೆಗೆ ತಂದು ಓದಿದಾಗ ಒಂದು ವಿಷಯ ಹೊಳೆಯಿತು. ಅಲ್ಲಿರುವ ಪ್ರಶ್ನೆಗಳಲ್ಲಿ ಹೆಚ್ಚಿನವು ನಾನು ಏನು ಮಾರುತ್ತೇನೆ ಎಂಬುದರ ಬಗ್ಗೆ ಇರಲಿಲ್ಲ. ಎಷ್ಟು ಜಾಗ, ಎಷ್ಟು ಅಶ್ವಶಕ್ತಿಯ ಯಂತ್ರ, ಎಷ್ಟು ಮಂದಿ ಕೆಲಸದವರು, ಕಸ ಎಲ್ಲಿ ಹೋಗುತ್ತದೆ? ನನ್ನ ಕೆಲಸದ ಭಾರ ಬೀದಿಯ ಮೇಲೆ ಎಷ್ಟು ಬೀಳುತ್ತದೆ ಎಂಬುದನ್ನೇ ಪಾಲಿಕೆ ಅಳೆಯುತ್ತದೆ. ಹಾಗಾಗಿ ಮನೆಯಲ್ಲಿ ಏನೇನು ಮಾಡುವುದಿಲ್ಲ ಎಂಬುದನ್ನು ಮೊದಲು ನಿರ್ಧರಿಸಿದೆ. ಪುಡಿ ಮಾಡುವ ಯಂತ್ರ ಇಡುವುದಿಲ್ಲ. ಬಾಗಿಲಲ್ಲಿ ಚಿಲ್ಲರೆ ಮಾರಾಟವಿಲ್ಲ. ಅಂಗಡಿಗಳಿಗೆ ಕೊಡುವುದು ಮತ್ತು ಕೊರಿಯರ್ ಮಾತ್ರ. ನಾಮಫಲಕ ಹಾಕುವುದಿಲ್ಲ. (ಹಾಕುವವರು ಗಮನಿಸಿ: 2024ರ ತಿದ್ದುಪಡಿಯ ನಂತರ ಫಲಕದ ಶೇಕಡಾ 60ರಷ್ಟು ಕನ್ನಡದಲ್ಲಿರಬೇಕು.)

ಯಂತ್ರ ಬೇಡವೆಂದಿದ್ದಕ್ಕೆ ವಿದ್ಯುತ್ ದರಪಟ್ಟಿಯೂ ಕಾರಣ. ನಮ್ಮ ರಾಜ್ಯದ ದರಪಟ್ಟಿಯಲ್ಲಿ ಗೃಹಬಳಕೆಯ ದರ ಯಾರಿಗೆ ಅನ್ವಯಿಸುತ್ತದೆ ಎಂಬ ವಿವರಣೆಯಿದೆ. ಮನೆಯ ಒಂದು ಭಾಗದಲ್ಲಿ ಕೈಮಗ್ಗ ನೇಯುವವರು, ಹೊಲಿಗೆಯವರು, ಅಕ್ಕಸಾಲಿಗರು, ಬಟ್ಟೆ ಒಗೆಯುವವರು, ಬ್ಯೂಟಿ ಪಾರ್ಲರ್ ನಡೆಸುವವರು, ವಕೀಲರು, ವೈದ್ಯರು, ಕೊನೆಗೆ ಜ್ಯೋತಿಷಿಗಳಿಗೂ ಗೃಹಬಳಕೆಯ ದರವೇ ಮುಂದುವರಿಯುತ್ತದೆ. ಪುಡಿ, ಹಪ್ಪಳ, ಉಪ್ಪಿನಕಾಯಿಯವರು ನಾನು ಓದಿದ ಆ ಪಟ್ಟಿಯಲ್ಲಿಲ್ಲ. ಎರಡು ಅಶ್ವಶಕ್ತಿಯ ಪಲ್ವರೈಸರ್ (ಪುಡಿ ಮಾಡುವ ಯಂತ್ರ) ತಂದು ಕೂರಿಸಿದರೆ ಮೀಟರಿನ ವರ್ಗ ಬದಲಾಗುವುದಲ್ಲದೆ ಪಾಲಿಕೆಯ ಪ್ರಶ್ನೆಗಳೂ ಹೆಚ್ಚುತ್ತವೆ. ಹುರಿದ ಸಾಮಾನನ್ನು ಪಕ್ಕದ ರಸ್ತೆಯ ಗಿರಣಿಗೆ ಒಯ್ಯುತ್ತೇನೆ. ಬೆಳಗ್ಗೆ ಗಿರಣಿ ತೆರೆದ ಕೂಡಲೇ ಹೋದರೆ ಕಲ್ಲು ಒರೆಸಿ ನನ್ನದನ್ನೇ ಮೊದಲು ಹಾಕಿಕೊಡುತ್ತಾರೆ. ಆದರೂ ಹಿಂದಿನ ದಿನದ ಗೋಧಿ ಹಿಟ್ಟು ಸಂದಿಯಲ್ಲಿ ಉಳಿದಿರುವ ಸಾಧ್ಯತೆ ಇರುವುದರಿಂದ ಮೊದಲ ಒಂದೆರಡು ಹಿಡಿ ಪುಡಿಯನ್ನು ಮಾರಾಟಕ್ಕೆ ಸೇರಿಸುವುದಿಲ್ಲ. ಅದು ನಮ್ಮ ಮನೆಯ ಸಾರಿಗೆ. ಗಿರಣಿಯವರ ಆಹಾರ ನೋಂದಣಿಯ ಪ್ರತಿಯೊಂದನ್ನು ನನ್ನ ಕಡತದಲ್ಲಿ ಇಟ್ಟುಕೊಂಡಿದ್ದೇನೆ.

ಮನೆಯ ಗ್ಯಾಸ್ ಸಿಲಿಂಡರನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ. 14.2 ಕಿಲೋದ್ದು ನಮ್ಮ ಊಟಕ್ಕೆ ಮಾತ್ರ. ಹುರಿಯುವುದಕ್ಕೆ 19 ಕಿಲೋದ ವಾಣಿಜ್ಯ ಸಿಲಿಂಡರ್ ತೆಗೆದುಕೊಂಡಿದ್ದೇನೆ. ಅದು ಹಿತ್ತಲಿನಲ್ಲಿ, ಗಾಳಿಯಾಡುವ ಜಾಲರಿ ಗೂಡಿನಲ್ಲಿ ನಿಂತಿದೆ. ಖರ್ಚು ಹೆಚ್ಚು, ನಿಜ. ಆದರೆ ಬೆಂಕಿಯ ವಿಷಯದಲ್ಲಿ ಚೌಕಾಸಿ ಮಾಡುವವರನ್ನು ನಾನು ಒಪ್ಪುವುದಿಲ್ಲ. ಅಕ್ಕಪಕ್ಕದ ಮನೆಗಳ ಗೋಡೆ ನಮ್ಮ ಗೋಡೆಯಿಂದ ಮೂರು ಅಡಿ ದೂರವೂ ಇಲ್ಲ.

ಅರ್ಜಿಯ ಜೊತೆ ಕೊಡಲು ಅಕ್ಕಪಕ್ಕದವರ ಒಪ್ಪಿಗೆ ಪತ್ರ ತಂದೆ. ಈ ಒಂದು ಹಂತವನ್ನು ಯಾರೂ ಹಗುರವಾಗಿ ನೋಡಬಾರದು. ಹುಳಿಪುಡಿಗೆ ಬಣ್ಣ ಕೊಡುವುದು ಬ್ಯಾಡಗಿ ಮೆಣಸಿನಕಾಯಿ, ಖಾರ ಕೊಡುವುದು ಗುಂಟೂರಿನದು. ಗುಂಟೂರಿನದನ್ನು ಬಾಣಲೆಗೆ ಹಾಕಿದೊಡನೆ ಏಳುವ ಘಾಟಿಗೆ ಆರೋಗ್ಯವಂತರೇ ಕೆಮ್ಮುತ್ತಾರೆ. ಪಕ್ಕದ ಮನೆಯ ಅಜ್ಜಿಗೆ ಉಬ್ಬಸ. ಪತ್ರ ಹಿಡಿದು ಹೋದಾಗ ಅವರು, "ನೀನು ದುಡಿಯುವುದಕ್ಕೆ ನಾನು ಬೇಡ ಎನ್ನುವುದಿಲ್ಲ ತಾಯಿ. ಹುರಿಯುವ ಮುಂಚೆ ಒಂದು ಮಾತು ಹೇಳು, ಕಿಟಕಿ ಹಾಕಿಕೊಳ್ಳುತ್ತೇನೆ" ಎಂದರು. ಅವರು ಕಿಟಕಿ ಹಾಕಿಕೊಂಡು ಕೂರಬೇಕಾದ ಪರಿಸ್ಥಿತಿಯೇ ಬರಬಾರದೆಂದು ಹೊಗೆ ಎಳೆಯುವ ಫ್ಯಾನನ್ನು ಹಿತ್ತಲ ಕಡೆಗೆ ತಿರುಗಿಸಿ, ಕೊಳವೆಯನ್ನು ತಾರಸಿಯ ಮೇಲಕ್ಕೆ ಎತ್ತಿಸಿದೆ. ಮೆಣಸಿನಕಾಯಿಯನ್ನು ಬಿಸಿಲಲ್ಲಿ ಗಲಗಲ ಎನ್ನುವಂತೆ ಒಣಗಿಸಿ, ತೊಟ್ಟು ತೆಗೆದು, ನಾಲ್ಕು ಹನಿ ಹರಳೆಣ್ಣೆ ಸವರಿ, ಸಣ್ಣ ಉರಿಯಲ್ಲಿ ಸ್ವಲ್ಪ ಸ್ವಲ್ಪವಾಗಿ ಹುರಿದರೆ ಘಾಟು ಬಹಳ ಮಟ್ಟಿಗೆ ಇಳಿಯುತ್ತದೆ. ಇದು ಅತ್ತೆಯವರು ಕಲಿಸಿದ್ದು. ಅಜ್ಜಿ ತಾವೇ ಪೆನ್ನು ತರಿಸಿ ಸಹಿ ಮಾಡಿದರು.

ತೆರಿಗೆ ರಸೀದಿ, ಗುರುತಿನ ಚೀಟಿ, ಒಪ್ಪಿಗೆ ಪತ್ರ, ಕೋಣೆಯ ಸರಳ ನಕ್ಷೆ ಇಷ್ಟನ್ನು ಸೇರಿಸಿ ಅರ್ಜಿ ಕೊಟ್ಟೆ. ಕೊಟ್ಟ ಮೇಲೆ ಸರ್ಕಾರದ ‘ಸಕಾಲ’ ಯೋಜನೆಯ 15 ಅಂಕಿಯ ಸ್ವೀಕೃತಿ ಸಂಖ್ಯೆ ಕೇಳಿ ಪಡೆಯಿರಿ. ಆ ಸಂಖ್ಯೆಯಿದ್ದರೆ ಅರ್ಜಿ ಎಲ್ಲಿದೆ ಎಂದು ಮೊಬೈಲಿನಲ್ಲೇ ತಿಳಿಯುತ್ತದೆ, ಯಾರನ್ನೂ ಗೋಗರೆಯಬೇಕಿಲ್ಲ. ನಿರೀಕ್ಷಕರು ಮನೆಗೆ ಬಂದಾಗ ಮೊದಲು ನೋಡಿದ್ದು ನೀರಿನ ತೊಟ್ಟಿಯ ಮುಚ್ಚಳ. ಆಮೇಲೆ ಕೈ ತೊಳೆಯುವ ಜಾಗ, ಕಿಟಕಿಯ ಸೊಳ್ಳೆ ಪರದೆ, ಹಸಿ ಕಸ ಮತ್ತು ಒಣ ಕಸದ ಡಬ್ಬಿ. ಧಾನ್ಯದ ಡಬ್ಬಗಳನ್ನು ನೆಲದಿಂದ ಮೇಲೆತ್ತಿಡಿ ಎಂದು ಸೂಚಿಸಿದರು. ಒಳ್ಳೆಯ ಸಲಹೆ, ಮರದ ಹಲಗೆ ಮಾಡಿಸಿದೆ.

ಪಾಲಿಕೆಯ ಕಾಗದದ ಜೊತೆಗೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿಯೂ ಬೇಕು. ನಾನು ಮಾಡಿಸಿದಾಗ ವಾರ್ಷಿಕ ವಹಿವಾಟು 12 ಲಕ್ಷ ರೂಪಾಯಿಯೊಳಗಿದ್ದವರಿಗೆ ವರ್ಷಕ್ಕೆ 100 ರೂಪಾಯಿ ಶುಲ್ಕದಲ್ಲಿ ಸಿಗುತ್ತಿತ್ತು. ಫೋಟೊ ಮತ್ತು ಗುರುತಿನ ಚೀಟಿ ಇದ್ದರೆ ಜಾಲತಾಣದಲ್ಲಿ ನೀವೇ ತುಂಬಬಹುದು. ಇದಕ್ಕೆ ಎರಡು ಮೂರು ಸಾವಿರ ಕೀಳುವವರಿದ್ದಾರೆ, ಎಚ್ಚರ. ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರ ಮಾಡುವ ಉದ್ಯಮ್ ನೋಂದಣಿಯಂತೂ ಪೂರ್ತಿ ಉಚಿತ. ನಾನು ಮತ್ತು ನನ್ನ ಜೊತೆ ದುಡಿಯುವಾಕೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಮಾಡಿಸಿಕೊಳ್ಳುತ್ತೇವೆ.

ಪೊಟ್ಟಣದ ಚೀಟಿಯ ಬಗ್ಗೆ ಒಂದು ಮಾತು. ಹಸಿರು ಚುಕ್ಕೆ, ಪದಾರ್ಥಗಳು ಪ್ರಮಾಣದ ಇಳಿಕೆಯ ಕ್ರಮದಲ್ಲಿ, 14 ಅಂಕಿಯ ನೋಂದಣಿ ಸಂಖ್ಯೆ, ನಿವ್ವಳ ತೂಕ, ತಯಾರಿಸಿದ ತಿಂಗಳು, ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ, ಗ್ರಾಮಿಗೆ ಎಷ್ಟು ಎಂಬ ದರ, ಇವೆಲ್ಲ ಇರಲೇಬೇಕು. ಜೊತೆಗೆ ತಯಾರಕರ ಪೂರ್ಣ ವಿಳಾಸ. ಮನೆಯಲ್ಲೇ ದುಡಿಯುವ ಹೆಂಗಸಿಗೆ ಇದರ ಅರ್ಥ, ಪ್ರತಿ ಪೊಟ್ಟಣದ ಮೇಲೂ ತನ್ನ ಮನೆಯ ವಿಳಾಸ ಊರೂರು ಸುತ್ತುತ್ತದೆ ಎಂದು. ಕೊಳ್ಳುವವರಿಗೆ ಆ ಹಕ್ಕಿದೆ, ಅದನ್ನು ನಾನು ಗೌರವಿಸುತ್ತೇನೆ. ಆದರೂ ಒಂಟಿಯಾಗಿರುವವರು ಈ ಬಗ್ಗೆ ಮೊದಲೇ ಯೋಚಿಸಬೇಕು. ನಮ್ಮ ಪರಿಚಯದ ನಾಲ್ವರು ಹೆಂಗಸರು ಸೇರಿ ಒಂದು ಸಣ್ಣ ಕೋಣೆಯನ್ನು ಬಾಡಿಗೆಗೆ ಹಿಡಿದು, ತಯಾರಿಕೆಯನ್ನೂ ವಿಳಾಸವನ್ನೂ ಅಲ್ಲಿಗೇ ಬದಲಾಯಿಸಿಕೊಂಡಿದ್ದಾರೆ.

2025ರ ಜುಲೈನಲ್ಲಿ ಯುಪಿಐ ವಹಿವಾಟು ಆಧರಿಸಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂದಾಗ ಮನೆಯಲ್ಲಿ ದುಡಿಯುವವರೂ ಗಾಬರಿಯಾದರು. ರಾಜ್ಯದೊಳಗೆ ಸರಕು ಮಾರುವವರಿಗೆ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟು. ನಮ್ಮಲ್ಲಿ ಹೆಚ್ಚಿನವರು ಅದರ ಹತ್ತಿರಕ್ಕೂ ಬರುವುದಿಲ್ಲ. ವ್ಯಾಪಾರಕ್ಕೆ ಬೇರೆ ಬ್ಯಾಂಕ್ ಖಾತೆ ಇಟ್ಟುಕೊಂಡರೆ ಸಾಕು, ಲೆಕ್ಕ ತಾನಾಗಿ ನಿಲ್ಲುತ್ತದೆ.

ಪ್ರತಿ ಮಾರ್ಚ್ ಬಂದರೆ ಉದ್ದಿಮೆ ಪರವಾನಗಿಯ ನವೀಕರಣ. ಈಗ ಅದು ರೂಢಿಯಾಗಿದೆ. ಆದರೆ ವಿದ್ಯುತ್ ದರಪಟ್ಟಿಯ ವಿಷಯವನ್ನು ನಾನು ಬಿಟ್ಟಿಲ್ಲ. ಹೊಲಿಗೆಯವರಿಗೂ ಜ್ಯೋತಿಷಿಗಳಿಗೂ ಇರುವ ಅನುಕೂಲ ಹಪ್ಪಳ ಒತ್ತುವವಳಿಗೆ ಏಕಿಲ್ಲ? ಸಣ್ಣ ಮೋಟಾರಿನ ಮಿತಿ ಹಾಕಿ ಮನೆಯ ಆಹಾರ ತಯಾರಿಕೆಯನ್ನೂ ಸೇರಿಸಿದರೆ ಯಾರಿಗೂ ನಷ್ಟವಿಲ್ಲ. ವಿದ್ಯುತ್ ನಿಯಂತ್ರಣ ಆಯೋಗ ದರ ಪರಿಷ್ಕರಣೆಗೆ ಸಾರ್ವಜನಿಕರ ಅಭಿಪ್ರಾಯ ಆಹ್ವಾನಿಸುತ್ತದೆ. ಮುಂದಿನ ಬಾರಿ ಕರೆದಾಗ ನಮ್ಮ ಬಡಾವಣೆಯ ಹೆಂಗಸರೆಲ್ಲ ಸಹಿ ಮಾಡಿದ ಮನವಿ ಹೋಗಲಿದೆ, ಕರಡು ಸಿದ್ಧವಿದೆ. ನಿಮ್ಮ ಊರಿನಿಂದಲೂ ಒಂದು ಕಳುಹಿಸಿ.