ಮುಂಗಾರಿನಿಂದ ದೀಪಾವಳಿವರೆಗೆ: ಡೆಸ್ಕ್‌ಟಾಪ್ ಸಿಂಗರಿಸುವ ಕ್ರಮ

ಮಳೆ ಶುರುವಾದರೆ ಜೋಗ, ಚೌತಿಗೆ ಗಣಪ, ನವರಾತ್ರಿಗೆ ಮೈಸೂರು ಅರಮನೆ, ಅದು ಇಳಿಯುತ್ತಿದ್ದಂತೆ ಹಣತೆ. ವಾಲ್‌ಪೇಪರ್ ಬದಲಿಸುವವರ ವರ್ಷ ಹೆಚ್ಚೂಕಡಿಮೆ ಹೀಗೇ ಸಾಗುತ್ತದೆ. ಹಾಕುವುದೇನೋ ಎರಡು ಕ್ಲಿಕ್ಕಿನ ಕೆಲಸ. ಹಬ್ಬ ಮುಗಿದ ಮೇಲೆ ಹಳೆಯ ಬಣ್ಣ, ಹಳೆಯ ಕರ್ಸರ್, ಹಳೆಯ ಚಿತ್ರ ಎಲ್ಲಿ ಹೋಯಿತೆಂದು ಹುಡುಕುವಾಗ ತಲೆ ಕೆಡುತ್ತದೆ. ಅದಕ್ಕೇ ಒಂದು ಹಬ್ಬಕ್ಕೆ ಒಂದು ಫೋಲ್ಡರ್, ಒಂದು ಫೋಲ್ಡರಿಗೆ ಒಂದು ಥೀಮ್ ಎಂದು ಮೊದಲೇ ಗೊತ್ತುಮಾಡಿಕೊಳ್ಳಿ. ಮುಂದೆ ಹೇಳುವುದೆಲ್ಲ ವಿಂಡೋಸ್ 11ಕ್ಕೆ. ವಿಂಡೋಸ್ 10ರಲ್ಲೂ ಬಹುತೇಕ ಇವೇ ಹೆಸರುಗಳು ಕಾಣುತ್ತವೆ. ಆದರೆ ಅದಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ಸಿಕ್ಕಸಿಕ್ಕಲ್ಲಿಂದ ಇಳಿಸಿಕೊಳ್ಳುವ ಚಾಳಿ ಅಲ್ಲಿ ಇನ್ನೂ ಅಪಾಯ.

ಹೊಸದನ್ನು ಮುಟ್ಟುವ ಮೊದಲು ಈಗಿರುವುದನ್ನು ಉಳಿಸಿ. ವಿಂಡೋಸ್ ಕೀ ಜೊತೆ ಐ ಒತ್ತಿ, ‘ಪರ್ಸನಲೈಸೇಶನ್’, ಅದರಲ್ಲಿ ‘ಥೀಮ್ಸ್’ ತೆರೆದು ‘ಸೇವ್’ ಒತ್ತಿ. ‘ದಿನನಿತ್ಯ’ ಎಂದೋ ಏನೋ ಒಂದು ಹೆಸರು ಕೊಟ್ಟರೆ ಈಗಿನ ಚಿತ್ರ, ಬಣ್ಣ, ಶಬ್ದ, ಕರ್ಸರ್ ನಾಲ್ಕೂ ಒಂದೇ ಗಂಟಿನಲ್ಲಿ ಉಳಿಯುತ್ತವೆ. ಲಾಕ್ ಸ್ಕ್ರೀನ್ ಚಿತ್ರ ಮಾತ್ರ ಈ ಗಂಟಿಗೆ ಸೇರುವುದಿಲ್ಲ. ಅದನ್ನು ಪ್ರತಿ ಸಲ ಕೈಯಾರೆ ಬದಲಿಸಬೇಕು.

ಚಿತ್ರ ಆರಿಸುವಾಗ

ಮೊದಲು ನಿಮ್ಮ ಪರದೆಯ ಅಳತೆ ನೋಡಿಕೊಳ್ಳಿ: ‘ಸಿಸ್ಟಮ್’, ‘ಡಿಸ್‌ಪ್ಲೇ’, ‘ಡಿಸ್‌ಪ್ಲೇ ರೆಸಲ್ಯೂಶನ್’. ಹಳೆಯ ಲ್ಯಾಪ್‌ಟಾಪುಗಳಲ್ಲಿ 1366×768, ಈಗಿನ ಹೆಚ್ಚಿನವುಗಳಲ್ಲಿ 1920×1080 ಅಥವಾ 1920×1200 ಇರುತ್ತದೆ. ಚಿತ್ರ ಕನಿಷ್ಠ ಅಷ್ಟಾದರೂ ಇರಲಿ. ಚಿಕ್ಕದನ್ನು ಎಳೆದು ಹಿಗ್ಗಿಸಿದರೆ ಎಲೆಗಳೆಲ್ಲ ಕಲೆಸಿದ ಬಣ್ಣದಂತೆ ಕಾಣುತ್ತವೆ. ವಾಟ್ಸಾಪ್‌ನಲ್ಲಿ ಬಂದ ಫೋಟೊ ಕೆಡುವುದೂ ಇದೇ ಕಾರಣಕ್ಕೆ. ಕಳಿಸುವಾಗಲೇ ಅದು ಕುಗ್ಗಿರುತ್ತದೆ. ‘ಡಾಕ್ಯುಮೆಂಟ್’ ಆಗಿ ಕಳಿಸಿ ಎಂದು ಕೇಳಿ, ಮೂಲ ಗಾತ್ರದಲ್ಲೇ ಬರುತ್ತದೆ.

ಮಳೆಗಾಲದ ಚಿತ್ರಗಳಲ್ಲಿ ಜೋಗ ಎಲ್ಲರಿಗೂ ಬೇಕು, ಎಲ್ಲರಿಗೂ ಕೈಕೊಡುವುದೂ ಅದೇ. 253 ಮೀಟರ್ ನೇರ ಇಳಿಯುವ ನೀರನ್ನು ಜನ ಫೋನ್ ನಿಲ್ಲಿಸಿ ಹಿಡಿದೇ ತೆಗೆಯುತ್ತಾರೆ. ಪರದೆಯೋ ಅಡ್ಡ. 3000×4000 ಅಳತೆಯ ನಿಂತ ಫೋಟೊವನ್ನು 16:9ಕ್ಕೆ (ಅಗಲ 16 ಪಾಲು, ಎತ್ತರ 9 ಪಾಲು) ಕತ್ತರಿಸಿದರೆ ಉಳಿಯುವುದು 3000×1688 ಮಾತ್ರ, ಅಂದರೆ ಎತ್ತರದಲ್ಲಿ ಅರ್ಧಕ್ಕಿಂತ ಹೆಚ್ಚು ಹೋಯಿತು. ರಾಜನ ತಲೆ ಉಳಿದರೆ ಬುಡ ಇಲ್ಲ, ಬುಡ ಉಳಿದರೆ ತಲೆ ಇಲ್ಲ. ‘ಬ್ಯಾಕ್‌ಗ್ರೌಂಡ್’ ಪುಟದ ‘ಫಿಲ್’ ಆಯ್ಕೆ ಈ ಕತ್ತರಿಯನ್ನು ನಿಮ್ಮನ್ನು ಕೇಳದೆ ಆಡಿಸುತ್ತದೆ. ನಿಂತ ಫೋಟೊವೇ ಬೇಕಿದ್ದರೆ ‘ಫಿಟ್’ ಇಟ್ಟು, ಎಡಬಲ ಉಳಿಯುವ ಜಾಗಕ್ಕೆ ಬಂಡೆಯ ಕಪ್ಪು-ಹಸಿರನ್ನು ಹಿನ್ನೆಲೆ ಬಣ್ಣವಾಗಿ ಕೊಡಿ. ಇಲ್ಲವೇ ರಾಜ, ರೋರರ್, ರಾಕೆಟ್, ರಾಣಿ ನಾಲ್ಕೂ ಒಟ್ಟಿಗೆ ಬರುವಂತೆ ದೂರದಿಂದ ಅಡ್ಡ ಹಿಡಿದು ತೆಗೆದದ್ದನ್ನೇ ಹುಡುಕಿ.

ಇನ್ನೊಂದು ತೊಡಕು ಮಂಜು. ಡೆಸ್ಕ್‌ಟಾಪ್ ಐಕಾನುಗಳ ಕೆಳಗಿನ ಹೆಸರು ಸಾಮಾನ್ಯವಾಗಿ ಬಿಳಿ ಅಕ್ಷರ. ಮಂಜು ಕವಿದ ಕೊಡಚಾದ್ರಿಯ ಮೇಲೆ ಅದು ಮಾಯ. ‘ಪರ್ಫಾರ್ಮೆನ್ಸ್ ಆಪ್ಷನ್ಸ್’ನಲ್ಲಿ ಐಕಾನ್ ಹೆಸರಿಗೆ ನೆರಳು ಕೊಡುವ ಗುರುತು ಇದೆಯೇ ನೋಡಿ. ಕಂಪ್ಯೂಟರ್ ವೇಗವಾಗಲೆಂದು ಯಾರಾದರೂ ‘ಬೆಸ್ಟ್ ಪರ್ಫಾರ್ಮೆನ್ಸ್’ ಒತ್ತಿದ್ದರೆ ಆ ನೆರಳು ಹೋಗಿರುತ್ತದೆ. ಅದಕ್ಕಿಂತ ಒಳ್ಳೆಯ ಉಪಾಯವೆಂದರೆ ಚಿತ್ರದ ಎಡಗಡೆಯ ಕಾಲು ಭಾಗ ಗಾಢವಾಗಿ, ಖಾಲಿಯಾಗಿ ಇರುವುದನ್ನೇ ಆರಿಸುವುದು. ಐಕಾನುಗಳು ಕೂರುವುದು ಅಲ್ಲೇ. ಕೆಳಗಡೆ ಟಾಸ್ಕ್‌ಬಾರ್ 48 ಪಿಕ್ಸೆಲ್ ತಿನ್ನುತ್ತದೆ. ಸ್ಕೇಲ್ (ಅಕ್ಷರ, ಐಕಾನುಗಳನ್ನು ಹಿಗ್ಗಿಸುವ ಪ್ರಮಾಣ) 125 ಪ್ರತಿಶತ ಇದ್ದರೆ 60, 150 ಇದ್ದರೆ 72. ಹಣತೆಯ ಸಾಲು ಚಿತ್ರದ ತೀರಾ ಬುಡದಲ್ಲಿದ್ದರೆ ಅದು ಟಾಸ್ಕ್‌ಬಾರ್ ಹಿಂದೆ ಮುಚ್ಚಿಹೋಗುತ್ತದೆ. ವಿಂಡೋಸ್‌ನ ಫೋಟೋಸ್ ಆ್ಯಪ್‌ನಲ್ಲಿ ಕಂಟ್ರೋಲ್ ಜೊತೆ ಇ ಒತ್ತಿ, ‘ಕ್ರಾಪ್’ನಲ್ಲಿ 16:9 ಆರಿಸಿಕೊಂಡು ಈ ಎರಡನ್ನೂ ಲೆಕ್ಕದಲ್ಲಿಟ್ಟು ನೀವೇ ಕತ್ತರಿಸಿ.

ಉಚಿತ ಚಿತ್ರಗಳಿಗೆ ವಿಕಿಮೀಡಿಯಾ ಕಾಮನ್ಸ್ ನಮ್ಮ ಮೊದಲ ಆಯ್ಕೆ. ಹಂಪಿ, ಜೋಗ, ಮೈಸೂರು ಎಲ್ಲವೂ ದೊಡ್ಡ ಗಾತ್ರದಲ್ಲಿವೆ, ಪ್ರತಿ ಚಿತ್ರದ ಪುಟದಲ್ಲೇ ಪರವಾನಗಿ ಬರೆದಿರುತ್ತದೆ. ನಿಮ್ಮ ಪರದೆಗೆ ಹಾಕಿಕೊಳ್ಳಲು ಯಾವುದಾದರೂ ನಡೆಯುತ್ತದೆ. ಥೀಮ್ ಕಟ್ಟಿ ಹಂಚುವುದಾದರೆ ಮಾತ್ರ ಛಾಯಾಗ್ರಾಹಕರ ಹೆಸರು ಮತ್ತು ಪರವಾನಗಿಯನ್ನು ಜೊತೆಗೆ ಬರೆದು ಕೊಡಬೇಕು. ಕ್ಯಾಲೆಂಡರ್‌ನಿಂದ ಸ್ಕ್ಯಾನ್ ಮಾಡಿದ ದೇವರ ಪಟಕ್ಕೂ ಕಲಾವಿದರ ಹಕ್ಕು ಇರುತ್ತದೆ. ದೇವರದ್ದೆಂದು ಎಲ್ಲರದ್ದೂ ಆಗುವುದಿಲ್ಲ.

ಕತ್ತಲೆಯ ಚಿತ್ರಗಳ ಸಮಸ್ಯೆ

ದಸರಾ, ದೀಪಾವಳಿ ಎರಡೂ ರಾತ್ರಿಯ ಹಬ್ಬಗಳು. ಸುಮಾರು ಒಂದು ಲಕ್ಷ ಬಲ್ಬು ಉರಿಯುವ ಅರಮನೆ ಅಡ್ಡಕ್ಕೆ ಚಾಚಿಕೊಂಡಿರುವುದರಿಂದ ಪರದೆಗೆ ಹೇಳಿ ಮಾಡಿಸಿದಂತಿದೆ. ತೊಂದರೆ ಇರುವುದು ಅದರ ಹಿಂದಿನ ಆಕಾಶದಲ್ಲಿ. ಮೂಲ ಫೋಟೊದಲ್ಲಿ ನೀಲಿಯಿಂದ ಕಪ್ಪಿಗೆ ನುಣ್ಣಗೆ ಇಳಿದ ಬಣ್ಣ, ವಾಲ್‌ಪೇಪರ್ ಆದಕೂಡಲೇ ಮೆಟ್ಟಿಲು ಮೆಟ್ಟಿಲಾಗಿ ಪಟ್ಟೆ ಹೊಡೆಯುತ್ತದೆ. ಜನ ಮಾನಿಟರನ್ನು ಬೈಯುತ್ತಾರೆ. ಹೆಚ್ಚಿನ ಸಲ ತಪ್ಪು ಅದರದ್ದಲ್ಲ: ನೀವು ಕೊಟ್ಟ ಜೆಪಿಜಿಯನ್ನು ವಿಂಡೋಸ್ ಹಾಗೇ ಬಳಸದೆ, ನೂರರಲ್ಲಿ ಸುಮಾರು 85ರ ಗುಣಮಟ್ಟಕ್ಕೆ ಮತ್ತೆ ಕುಗ್ಗಿಸಿ ತನ್ನದೊಂದು ಪ್ರತಿ ಮಾಡಿಕೊಳ್ಳುತ್ತದೆ. ಹಗಲಿನ ಚಿತ್ರದಲ್ಲಿ ಇದು ಗೊತ್ತೇ ಆಗುವುದಿಲ್ಲ.

ಸರಿಮಾಡಲು ರಿಜಿಸ್ಟ್ರಿಗೆ, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಬರೆದಿಡುವ ಕಡತಕ್ಕೆ, ಇಳಿಯಬೇಕು. ವಿಂಡೋಸ್ ಕೀ ಜೊತೆ ಆರ್ ಒತ್ತಿ, ‘ರೆಜ್‌ಎಡಿಟ್’ (regedit) ಎಂದು ಇಂಗ್ಲಿಷಿನಲ್ಲಿ ಟೈಪಿಸಿ. ಎಡಗಡೆ ‘ಎಚ್‌ಕೀ ಕರೆಂಟ್ ಯೂಸರ್’, ಅದರೊಳಗೆ ‘ಕಂಟ್ರೋಲ್ ಪ್ಯಾನೆಲ್’, ಅದರೊಳಗೆ ‘ಡೆಸ್ಕ್‌ಟಾಪ್’. ಈ ಕೊನೆಯ ಕೀ ಮೇಲೆ ಬಲ ಕ್ಲಿಕ್ ಮಾಡಿ ‘ಎಕ್ಸ್‌ಪೋರ್ಟ್’ ಒತ್ತಿ ಒಂದು ಪ್ರತಿ ಇಟ್ಟುಕೊಳ್ಳಿ. ಆಮೇಲೆ ಬಲಗಡೆಯ ಖಾಲಿ ಜಾಗದಲ್ಲಿ 32 ಬಿಟ್‌ನ ಹೊಸ ಡಿವರ್ಡ್ (DWORD, ಅಂಕಿ ಬರೆದಿಡುವ ನಮೂದು) ಸೃಷ್ಟಿಸಿ. ಹೆಸರು ‘ಜೆಪಿಇಜಿ ಇಂಪೋರ್ಟ್ ಕ್ವಾಲಿಟಿ’ (JPEGImportQuality), ಮೂರೂ ಪದಗಳನ್ನು ಇಂಗ್ಲಿಷಿನಲ್ಲಿ ನಡುವೆ ಜಾಗ ಬಿಡದೆ ಕೂಡಿಸಿ ಬರೆಯಬೇಕು. ಬೆಲೆ 100. ಪಕ್ಕದಲ್ಲಿ ‘ಡೆಸಿಮಲ್’ ಆರಿಸಿರಬೇಕು, ‘ಹೆಕ್ಸಾಡೆಸಿಮಲ್’ನಲ್ಲಿ 100 ಎಂದು ಕೊಟ್ಟರೆ ಅದು 256 ಆಗುತ್ತದೆ. ಸೈನ್ ಔಟ್ ಆಗಿ ಮರಳಿ ಬಂದು ಚಿತ್ರವನ್ನು ಹೊಸದಾಗಿ ಹಾಕಿ. ಹಳೆಯ ಪ್ರತಿ ತಾನಾಗಿ ಬದಲಾಗುವುದಿಲ್ಲ. ಇಷ್ಟಾದರೂ ಪಟ್ಟೆ ಉಳಿದರೆ ಇಳಿಸಿಕೊಂಡ ಕಡತವೇ ಕಳಪೆ.

ಥೀಮ್ ಕಟ್ಟುವುದು

ಪಿಕ್ಚರ್ಸ್ ಒಳಗೆ ಹಬ್ಬದ ಹೆಸರಿನ ಫೋಲ್ಡರ್ ಮಾಡಿ ಎಂಟರಿಂದ ಹನ್ನೆರಡು ಚಿತ್ರ ಇಡಿ. ನಲವತ್ತು ಇಟ್ಟರೆ ಯಾವುದೂ ನೆನಪಿನಲ್ಲಿ ನಿಲ್ಲುವುದಿಲ್ಲ. ‘ಬ್ಯಾಕ್‌ಗ್ರೌಂಡ್’ನಲ್ಲಿ ‘ಸ್ಲೈಡ್‌ಶೋ’ ಆರಿಸಿ ಈ ಫೋಲ್ಡರ್ ತೋರಿಸಿ. ಒಂದು ನಿಮಿಷದಿಂದ ಒಂದು ದಿನದವರೆಗೆ ಅವಧಿ ಕೇಳುತ್ತದೆ. ಕೆಲಸ ಮಾಡುವವರಿಗೆ ಆರು ಗಂಟೆಯೋ ಒಂದು ದಿನವೋ ಸಾಕು, ಹತ್ತು ನಿಮಿಷಕ್ಕೊಮ್ಮೆ ಬದಲಾಗುವ ಗೋಡೆ ಕಣ್ಣಿಗೆ ಕಿರಿಕಿರಿ. ಬೇಸರವಾದಾಗ ಡೆಸ್ಕ್‌ಟಾಪ್ ಮೇಲೆ ಬಲ ಕ್ಲಿಕ್ ಮಾಡಿ ‘ನೆಕ್ಸ್ಟ್ ಡೆಸ್ಕ್‌ಟಾಪ್ ಬ್ಯಾಕ್‌ಗ್ರೌಂಡ್’ ಒತ್ತಿದರಾಯಿತು. ಸ್ಲೈಡ್‌ಶೋ ನಿಂತೇ ಹೋಗಿದೆ ಎಂಬ ದೂರಿಗೆ ಕಾರಣ ಬಹುಪಾಲು ಚಾರ್ಜರ್: ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ನಡೆಸುವಾಗ ಸ್ಲೈಡ್‌ಶೋ ತಾನಾಗಿ ನಿಲ್ಲುತ್ತದೆ. ಬ್ಯಾಟರಿಯಲ್ಲೂ ನಡೆಯಲಿ ಎನ್ನುವ ಸ್ವಿಚ್ಚು ಅದೇ ಪುಟದಲ್ಲಿದೆ.

‘ಕಲರ್ಸ್’ನಲ್ಲಿ ಆ್ಯಕ್ಸೆಂಟ್ ಬಣ್ಣವನ್ನು (ಗುಂಡಿ, ಸ್ವಿಚ್ಚುಗಳಿಗೆ ವಿಂಡೋಸ್ ಹಚ್ಚುವ ಬಣ್ಣ) ‘ಆಟೋಮ್ಯಾಟಿಕ್’ ಬಿಟ್ಟರೆ ಚಿತ್ರಕ್ಕೆ ತಕ್ಕಂತೆ ಬದಲಾಗುತ್ತಿರುತ್ತದೆ. ಚಂದವೇ. ಆದರೆ ಅರಿಶಿನ ಅಥವಾ ಕುಂಕುಮದ ಒಂದೇ ಬಣ್ಣ ‘ಮ್ಯಾನುಯಲ್’ ಆಗಿ ಕೊಟ್ಟರೆ ಹಬ್ಬದ ಕಳೆ ಹೆಚ್ಚು. ಟಾಸ್ಕ್‌ಬಾರಿಗೆ ಬಣ್ಣ ಹಚ್ಚುವ ಸ್ವಿಚ್ಚು ಮಂಕಾಗಿ ಒತ್ತಲು ಬರದಿದ್ದರೆ ನೀವು ‘ಲೈಟ್’ ಮೋಡ್‌ನಲ್ಲಿದ್ದೀರಿ. ‘ಡಾರ್ಕ್’ ಮಾಡಿ. ಎಲ್ಲ ಕೂಡಿಬಂದ ಮೇಲೆ ‘ಥೀಮ್ಸ್’ಗೆ ಹೋಗಿ ಸೇವ್ ಮಾಡಿ. ಮುಂದೆ ಆ ಫೋಲ್ಡರನ್ನು ಬೇರೆಡೆಗೆ ಸರಿಸಬೇಡಿ, ಹೆಸರೂ ಬದಲಿಸಬೇಡಿ. ಥೀಮ್ ಚಿತ್ರಗಳನ್ನು ಹುಡುಕುವುದು ಅದೇ ಜಾಗದಲ್ಲಿ, ಸಿಗದಿದ್ದರೆ ಬರೀ ಕಪ್ಪು ಪರದೆ ಬರುತ್ತದೆ. ಊರಿನ ತಂಗಿಗೋ ಅಮೆರಿಕದ ಅಣ್ಣನಿಗೋ ಕಳಿಸಬೇಕಿದ್ದರೆ ಸೇವ್ ಆದ ಥೀಮ್ ಮೇಲೆ ಬಲ ಕ್ಲಿಕ್, ‘ಸೇವ್ ಫಾರ್ ಶೇರಿಂಗ್’. ಆಗ ಚಿತ್ರಗಳೂ ಒಳಗೇ ಸೇರಿ ಒಂದೇ ಕಡತವಾಗುತ್ತದೆ. ಅವರು ಡಬಲ್ ಕ್ಲಿಕ್ ಮಾಡಿದರೆ ಸಾಕು.

ಚಿತ್ರದ ಮೇಲೆ ‘ದೀಪಾವಳಿಯ ಶುಭಾಶಯಗಳು’ ಎಂದು ಬರೆಯುವ ಆಸೆ ಇದ್ದರೆ ಚಿತ್ರ ತಿದ್ದುವ ಉಚಿತ ತಂತ್ರಾಂಶ ಗಿಂಪ್‌ನಲ್ಲಿ ಬರೆಯಿರಿ, ಒತ್ತಕ್ಷರ ಸರಿಯಾಗಿ ಕೂರುತ್ತದೆ. ಹಳೆಯ ಫೋಟೊಶಾಪ್‌ನಲ್ಲಿ ಒತ್ತು ಪಕ್ಕಕ್ಕೆ ಸಿಡಿದು ನಿಂತರೆ ಟೈಪ್ ಪ್ರಿಫರೆನ್ಸ್‌ನಲ್ಲಿ ‘ವರ್ಲ್ಡ್-ರೆಡಿ ಲೇಔಟ್’ ಆರಿಸಿಲ್ಲ ಎಂದರ್ಥ. ದಪ್ಪನೆಯ, ಗುಂಡಗಿನ ಅಕ್ಷರ ಬೇಕಾದವರಿಗೆ ಬಾಲೂ ತಮ್ಮ ಎಂಬ ಫಾಂಟ್, ಸಾದಾ ಬೇಕಾದವರಿಗೆ ನೋಟೊ ಸಾನ್ಸ್ ಕನ್ನಡ. ಎರಡೂ ಗೂಗಲ್ ಫಾಂಟ್ಸ್‌ನಲ್ಲಿ ಉಚಿತ.

ಕರ್ಸರ್, ಐಕಾನ್, ಶಬ್ದ

ಕರ್ಸರ್ ಕಟ್ಟು ಇಳಿಸಿಕೊಂಡರೆ ಜಿಪ್ ಬಿಡಿಸಿ, ಒಳಗಿನ ಐಎನ್‌ಎಫ್ ಕಡತದ (ಇನ್‌ಸ್ಟಾಲ್ ಮಾಡುವ ಸೂಚನೆಗಳಿರುವುದು) ಮೇಲೆ ಬಲ ಕ್ಲಿಕ್ ಮಾಡಿ ‘ಶೋ ಮೋರ್ ಆಪ್ಷನ್ಸ್’, ‘ಇನ್‌ಸ್ಟಾಲ್’. ಜಿಪ್ ಬಿಡಿಸದೆ ಒತ್ತಿದರೆ ಏನೂ ಆಗುವುದಿಲ್ಲ. ಆಮೇಲೆ ‘ಮೌಸ್ ಪ್ರಾಪರ್ಟೀಸ್’ನ ‘ಪಾಯಿಂಟರ್ಸ್’ನಲ್ಲಿ ಆ ಹೆಸರು ಆರಿಸಿ. ಹಣತೆ ಆಕಾರದ ಕರ್ಸರ್ ನೋಡಲು ಚಂದ. ಆದರೆ ಒತ್ತುವ ಬಿಂದು ಜ್ವಾಲೆಯ ತುದಿಯಲ್ಲಿ ಇಲ್ಲದೆ ಬೇರೆಲ್ಲೋ ಇದ್ದರೆ ಒಂದು ಕಡೆ ಒತ್ತಿದ್ದು ಇನ್ನೊಂದು ಕಡೆ ತಾಗುತ್ತದೆ. ಚಿಕ್ಕ ಚೌಕವೊಂದರಲ್ಲಿ ಟಿಕ್ ಹಾಕಿ ನೋಡಿ, ತಪ್ಪಿದರೆ ಆ ಕಟ್ಟನ್ನು ಬಿಟ್ಟುಬಿಡಿ.

ಐಕಾನಿಗೆ ಐಸಿಒ ಕಡತವೇ ಬೇಕು, ಅದರೊಳಗೆ 16, 32, 48, 256 ಪಿಕ್ಸೆಲ್‌ನ ನಾಲ್ಕು ಗಾತ್ರ ಇದ್ದರೆ ಎಲ್ಲೆಡೆ ಚೊಕ್ಕಟ. ಒಂದೇ ಗಾತ್ರವಿದ್ದರೆ ಚಿಕ್ಕದಾದಾಗ ರಂಗೋಲಿ ಬರೀ ಕಲೆಯಾಗುತ್ತದೆ. ರೀಸೈಕಲ್ ಬಿನ್ ಐಕಾನನ್ನು ಮಾತ್ರ ಮುಟ್ಟದಿರುವುದೇ ವಾಸಿ. ಹೊಸ ಚಿತ್ರ ಕೊಟ್ಟ ಮೇಲೆ ತುಂಬಿದ್ದೂ ಖಾಲಿಯಾದದ್ದೂ ಎಫ್5 ಒತ್ತುವತನಕ ತೋರದೆ ಕಾಡುವುದುಂಟು. ಶಬ್ದಕ್ಕೆ ವೇವ್ ಕಡತವೇ ಆಗಬೇಕು, ಎಂಪಿ3 ನಡೆಯುವುದಿಲ್ಲ. ಎರಡು ಸೆಕೆಂಡಿಗಿಂತ ಉದ್ದದ ನಾದಸ್ವರ ಆಫೀಸಿನಲ್ಲಿ ಬೇಡ.

ಯಾವುದನ್ನು ತೆರೆಯಬಾರದು

ಚಿತ್ರ ಎಂದರೆ ಜೆಪಿಜಿ ಅಥವಾ ಪಿಎನ್‌ಜಿ. ವಾಲ್‌ಪೇಪರ್ ಕೇಳಿದ್ದಕ್ಕೆ ಇಎಕ್ಸ್‌ಇ ಇಳಿದರೆ ಡಿಲೀಟ್ ಮಾಡಿ, ಇನ್ನೊಂದು ಯೋಚನೆ ಬೇಡ. ಸ್ಕ್ರೀನ್‌ಸೇವರ್‌ನ ಎಸ್‌ಸಿಆರ್ ಕೂಡ ಹೆಸರು ಬೇರೆಯಾದ ಪ್ರೋಗ್ರಾಮೇ. ಅದು ನಿಮ್ಮ ಕಂಪ್ಯೂಟರಿನಲ್ಲಿ ಏನು ಬೇಕಾದರೂ ಮಾಡಬಲ್ಲದು. ಎಕ್ಸ್‌ಪ್ಲೋರರ್‌ನ ‘ವ್ಯೂ’, ‘ಶೋ’ನಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್’ಗೆ ಗುರುತು ಹಾಕಿಡಿ. ಜೆಪಿಜಿ ಎಂದು ಮುಗಿದಂತೆ ಕಂಡು ಹಿಂದೆ ಇಎಕ್ಸ್‌ಇ ಬಚ್ಚಿಟ್ಟುಕೊಂಡ ಕಡತ ಆಗಲೇ ಸಿಕ್ಕಿಬೀಳುವುದು. ಪುಟದಲ್ಲಿ ಹಸಿರಾಗಿ ಮಿನುಗುವ ‘ಡೌನ್‌ಲೋಡ್’ ಗುಂಡಿಗಳಲ್ಲಿ ಹೆಚ್ಚಿನವು ಜಾಹೀರಾತು.

ಚಲಿಸುವ ಮಳೆ ಬೇಕೆನ್ನುವವರಿಗೆ ಲೈವ್ಲಿ ವಾಲ್‌ಪೇಪರ್ ಇದೆ, ಉಚಿತ, ಮುಕ್ತ ತಂತ್ರಾಂಶ, ಮೈಕ್ರೋಸಾಫ್ಟ್ ಸ್ಟೋರಿನಲ್ಲೇ ಸಿಗುತ್ತದೆ. ಬ್ಯಾಟರಿಯಲ್ಲಿದ್ದಾಗ ನಿಲ್ಲುವಂತೆ ಅದರ ಸೆಟ್ಟಿಂಗ್ಸ್‌ನಲ್ಲಿ ಹೇಳಿಡಿ, ಇಲ್ಲದಿದ್ದರೆ ಚಾರ್ಜ್ ಬೇಗ ಇಳಿಯುತ್ತದೆ. ಡೆಸ್ಕ್‌ಟಾಪ್ ಮೇಲೆ ಗಡಿಯಾರ, ಹವಾಮಾನ ತೋರಿಸಲು ರೇನ್‌ಮೀಟರ್ ಎಂಬ ತಂತ್ರಾಂಶ. ಅದರ ಸ್ಕಿನ್ (ತೋರಿಸುವ ಪ್ರತಿಯೊಂದು ಅಲಂಕಾರ) ಕಡತದಲ್ಲಿ ‘ಅಪ್‌ಡೇಟ್’ ಬೆಲೆ 1000 ಇದ್ದರೆ ಸೆಕೆಂಡಿಗೊಮ್ಮೆ ಹೊಸದಾಗುತ್ತದೆ. ಸೆಕೆಂಡು ಮುಳ್ಳಿಲ್ಲದ ಗಡಿಯಾರಕ್ಕೆ 5000 ಮಾಡಿದರೂ ನಡೆಯುತ್ತದೆ.

ತೆಗೆಯುವಾಗ ಮೊದಲು ‘ದಿನನಿತ್ಯ’ ಥೀಮ್ ಒತ್ತಿ, ಆಮೇಲೆ ಹಬ್ಬದ್ದರ ಮೇಲೆ ಬಲ ಕ್ಲಿಕ್ ಮಾಡಿ ‘ಡಿಲೀಟ್’. ಬಳಕೆಯಲ್ಲಿರುವ ಥೀಮನ್ನು ವಿಂಡೋಸ್ ಅಳಿಸಲು ಬಿಡುವುದಿಲ್ಲ. ಮುಂದಿನ ವರ್ಷಕ್ಕೆ ಬೇಕಿದ್ದರೆ ಅಳಿಸುವ ಮೊದಲೇ ‘ಸೇವ್ ಫಾರ್ ಶೇರಿಂಗ್’ ಮಾಡಿದ ಕಡತವನ್ನು ಪೆನ್‌ಡ್ರೈವ್‌ಗೆ ಹಾಕಿ, ಹೆಸರಿನಲ್ಲಿ ವರ್ಷವನ್ನೂ ಸೇರಿಸಿ.