ಒಂದೇ ಮಂಚದ ಸುತ್ತ ಐದು ಕೋರ್ಸಿನ ವಿದ್ಯಾರ್ಥಿಗಳು

ಕಲಬುರಗಿಯಲ್ಲಿ ನಾನು ನರ್ಸಿಂಗ್ ಕಲಿಸುತ್ತೇನೆ. ಗುಟ್ಕಾ, ತಂಬಾಕಿನ ಚಟ ಬೇರೂರಿರುವ ಈ ಭಾಗದಲ್ಲಿ ಬಾಯಿ ಕ್ಯಾನ್ಸರಿನ ರೋಗಿಯನ್ನು ನಮ್ಮ ವಿದ್ಯಾರ್ಥಿಗಳು ಬೇಗನೇ ಕಾಣುತ್ತಾರೆ. ಆದರೆ ವೈದ್ಯಕೀಯ, ದಂತ, ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿ ಓದುವವರು ಒಬ್ಬನೇ ರೋಗಿಯನ್ನು ಬೇರೆ ಬೇರೆ ಹೊತ್ತಿನಲ್ಲಿ ನೋಡಿ ಹೋಗುತ್ತಾರೆ. ಒಬ್ಬರು ಕಂಡದ್ದು ಇನ್ನೊಬ್ಬರಿಗೆ ಮುಟ್ಟುವುದಿಲ್ಲ. ಇದು ನನ್ನನ್ನು ಬಹಳ ಕಾಡುತ್ತಿತ್ತು. ಉಳಿದ ವಿಭಾಗಗಳ ಬೋಧಕರನ್ನು ಕೇಳಿಕೊಂಡು ವಾರಕ್ಕೊಂದು ಮಧ್ಯಾಹ್ನ ಹೊಂದಿಸಿದೆ.

ಅಲ್ಲಿ ಉಪನ್ಯಾಸವಿಲ್ಲ. ರೋಗಿಯ ಒಪ್ಪಿಗೆ ಪಡೆದು ಒಂದೇ ಪ್ರಶ್ನೆ ಇಡುತ್ತೇನೆ: ‘ಇವರು ಇವತ್ತು ಏನು ಉಂಡರು, ಹೇಗೆ ಉಂಡರು?’ ವೈದ್ಯಕೀಯ ವಿದ್ಯಾರ್ಥಿ ಕೊನೆಗೆ ಮಾತನಾಡಬೇಕು. ಅವರು ಮೊದಲು ಬಾಯಿ ತೆರೆದರೆ ಉಳಿದವರು ತಲೆಯಾಡಿಸಿ ಸುಮ್ಮನಾಗುತ್ತಾರೆ.

ಚಿತ್ತಾಪುರದ ಕಡೆಯ ರೈತರೊಬ್ಬರು ರೇಡಿಯೇಷನ್ನಿಗೆ ಬಂದಿದ್ದರು. ‘ಕಾಕಾ, ನಿಮ್ಮ ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯೊಳಗೆ ಹಾಕಿ ನೋಡಿ’ ಎಂದಳು ಫಿಸಿಯೋಥೆರಪಿ ವಿದ್ಯಾರ್ಥಿನಿ. ಎರಡೇ ಹೋದವು, ಅದೂ ಕಷ್ಟಪಟ್ಟು. ರೊಟ್ಟಿಯನ್ನು ಬೇಳೆಯಲ್ಲಿ ನೆನೆಸಿ ಹಿಸುಕಿ ಕೊಡುತ್ತಿದ್ದೇನೆ ಎಂದರು ಅವರ ಹೆಂಡತಿ. ದಂತ ವಿದ್ಯಾರ್ಥಿ ಟಾರ್ಚ್ ಹಿಡಿದು ಕೆಳದವಡೆಯ ಹುಳುಕು ಹಲ್ಲುಗಳನ್ನು ತೋರಿಸಿದ. ಅವನ್ನು ರೇಡಿಯೇಷನ್ನಿಗೆ ಮೊದಲೇ ಕಿತ್ತು, ಗಾಯ ಮಾಯಲು ಸುಮಾರು ಎರಡು ವಾರ ಬಿಡಬೇಕು. ಆಮೇಲೆ ಕಿತ್ತರೆ ದವಡೆಯ ಎಲುಬು ಮಾಯದೆ ಸಾಯುವ ಅಪಾಯವಿದೆ. ‘ಚಿಕಿತ್ಸೆ ಶುರುವಾಗುವ ತಾರೀಖು ಎಂದು?’ ಎಂದು ಅವನು ಕೇಳಿದ್ದೇ ವೈದ್ಯಕೀಯ ವಿದ್ಯಾರ್ಥಿ ಫೈಲ್ ತರಲು ಓಡಿದ. ಆ ಓಟ ನನಗೆ ಬಹಳ ಹಿಡಿಸಿತು.

ಇನ್ನೊಮ್ಮೆ, ಮೂಗಿನ ನಳಿಗೆಯಿಂದ ಆಹಾರ ಪಡೆಯುತ್ತಿದ್ದವರಿಗೆ ಮಾತ್ರೆಗಳನ್ನು ಪುಡಿ ಮಾಡಿ ಹಾಕುತ್ತೇವೆಂದು ನರ್ಸಿಂಗ್ ವಿದ್ಯಾರ್ಥಿನಿ ವಿವರಿಸುತ್ತಿದ್ದಳು. ಪಟ್ಟಿ ನೋಡುತ್ತಿದ್ದ ಫಾರ್ಮಸಿ ಹುಡುಗ ತಡೆದ: ಅದರಲ್ಲಿದ್ದ ಮಾರ್ಫಿನ್ ಎಂಬ ನೋವಿನ ಮಾತ್ರೆ ನಿಧಾನವಾಗಿ ಕರಗುವ ಬಗೆಯದು, ಪುಡಿ ಮಾಡಿದರೆ ಹನ್ನೆರಡು ಗಂಟೆಯ ಔಷಧ ಒಮ್ಮೆಲೇ ಮೈಗೇರಿ ಉಸಿರಿಗೇ ಕುತ್ತು. ನಾಲ್ಕು ಗಂಟೆಗೊಮ್ಮೆ ಕೊಡುವ ಸಾದಾ ಮಾರ್ಫಿನ್ ಬೇಕೆಂಬ ಮಾತು ಕೂಡಲೇ ಹಿರಿಯ ವೈದ್ಯರಿಗೆ ತಲುಪಿತು. ಅಷ್ಟರಲ್ಲಿ ಅದೇ ನರ್ಸಿಂಗ್ ವಿದ್ಯಾರ್ಥಿನಿ ಕೇಳಿದಳು: ‘ಇವರಿಗೆ ಮಲಬದ್ಧತೆ ಇದೆ. ಮಾರ್ಫಿನ್ ಜೊತೆ ಮಲ ಸಡಿಲಿಸುವ ಔಷಧ ಯಾಕೆ ಬರೆದಿಲ್ಲ?’ ಒಬ್ಬರಿಂದೊಬ್ಬರು, ಒಬ್ಬರ ಬಗ್ಗೆ ಒಬ್ಬರು, ಜೊತೆಗೂಡಿ ಕಲಿಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಹೇಳಿದ್ದನ್ನು ನಾನು ಬೋರ್ಡಿನ ಮೇಲೆ ಬರೆದು ಕಲಿಸಲು ಸಾಧ್ಯವಿರಲಿಲ್ಲ.

ಕೊನೆಗೆ ಎಲ್ಲರೂ ಸೇರಿ ರೋಗಿಯ ಆರೈಕೆಯ ಬಗ್ಗೆ ಒಂದು ಹಾಳೆ ಕನ್ನಡದಲ್ಲಿ ಬರೆದು ಹಿರಿಯರಿಗೆ ತೋರಿಸಿ, ಮನೆಯವರಿಗೆ ಓದಿ ಹೇಳುತ್ತಾರೆ. ಉರ್ದು ಅಥವಾ ತೆಲುಗು ಮನೆಮಾತಿನವರಾದರೆ ಆ ಭಾಷೆ ಬಲ್ಲ ವಿದ್ಯಾರ್ಥಿಯೇ ಓದಬೇಕು, ಅವರ ಕೋರ್ಸ್ ಯಾವುದೇ ಇರಲಿ. ವಾರಕ್ಕೆ ಐದು ದಿನದಂತೆ ಆರೇಳು ವಾರ ನಡೆಯುವ ರೇಡಿಯೇಷನ್ನಿಗೆ ಎಲ್ಲಿ ಉಳಿಯುತ್ತಾರೆ, ಯಾರು ಅಡುಗೆ ಮಾಡುತ್ತಾರೆ ಎಂಬುದೂ ಆ ಹಾಳೆಯಲ್ಲಿರಬೇಕು.

ಈ ಕೆಲಸಕ್ಕೆ ಇನ್ನೂ ಅಂಕಗಳಿಲ್ಲ. ಪರೀಕ್ಷೆ ಹತ್ತಿರವಾದಂತೆ ಹಾಜರಿ ಇಳಿಯುತ್ತದೆ. ಆಂತರಿಕ ಮೌಲ್ಯಮಾಪನದಲ್ಲಿ ಇದನ್ನು ಸೇರಿಸಿ ಎಂದು ಐದೂ ವಿಭಾಗಗಳ ಬೋಧಕರು ಒಟ್ಟಾಗಿ ಪತ್ರ ಬರೆದಿದ್ದೇವೆ.