ಟ್ರ್ಯಾಕ್ಟರ್ ಶೆಡ್ ಕೋಣೆಯಾಯಿತು: ಸಿಂಧನೂರಿನ ಎರೆಮಣ್ಣಿನಲ್ಲಿ ನನ್ನ ಅನುಭವ

ಎರೆಮಣ್ಣಿನ ಮೇಲೆ ನಿಂತ ಟ್ರ್ಯಾಕ್ಟರ್ ಶೆಡ್ಡನ್ನು ಮನುಷ್ಯರು ಮಲಗುವ ಕೋಣೆ ಮಾಡುವುದಕ್ಕಿಂತ ಕೆಡವಿ ಹೊಸದು ಕಟ್ಟುವುದೇ ಅಗ್ಗ ಎಂದು ನಮ್ಮ ಗುತ್ತೇದಾರ ಬಳಗದಲ್ಲಿ ಹೇಳದವರಿಲ್ಲ. ಆರ್ಕಿಟೆಕ್ಟ್‌ಗೆ ಫೀ ಕೊಟ್ಟು ಮಾಡಿಸುತ್ತೇನೆ ಎಂದಾಗ, ಹನ್ನೆರಡು ಅಡಿಗೆ ಇಪ್ಪತ್ತು ಅಡಿ ಜಾಗಕ್ಕೆ ನಕ್ಷೆ ಯಾಕೆ ಎಂದು ನನ್ನ ತಮ್ಮನೇ ಕೇಳಿದ. ಈಗ ಎರಡು ಮಳೆಗಾಲ, ಎರಡು ಬೇಸಿಗೆ ಕಳೆದಿವೆ. ನೆಲದಲ್ಲಿ ಕೂದಲೆಳೆಯಷ್ಟು ಬಿರುಕಿಲ್ಲ. ಅಪ್ಪ, ಅಮ್ಮ ಮೇ ತಿಂಗಳ ಮಧ್ಯಾಹ್ನವೂ ಅಲ್ಲೇ ಮಲಗುತ್ತಾರೆ.

ನಮ್ಮ ಕಡೆ ಇಂಥ ಕೆಲಸ ಕೆಡುವುದು ನೆಲದಲ್ಲಿ. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ನಮ್ಮ ಓಣಿಯಲ್ಲೇ ಒಬ್ಬರು ಶೆಡ್ಡಿನ ಹಳೆಯ ಶಹಾಬಾದ್ ಕಲ್ಲಿನ ಮೇಲೆ ನೇರವಾಗಿ ಕಾಂಕ್ರೀಟ್ ಬೆಡ್ ಹಾಕಿಸಿ ಟೈಲ್ಸ್ ಕೂರಿಸಿದರು. ಬೇಸಿಗೆ ಮುಗಿಯುವವರೆಗೆ ಚೆನ್ನಾಗಿಯೇ ಇತ್ತು. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟು, ಸುತ್ತಲಿನ ಗದ್ದೆ ತುಂಬಿ, ಮೇಲೆ ಮಳೆಯೂ ಹಿಡಿದುಕೊಂಡಾಗ ಕೋಣೆಯ ನಡುವೆ ಟೈಲ್ಸ್ ಗುಡಾರದಂತೆ ಎದ್ದು ನಿಂತವು. ಬಾಗಿಲು ನೆಲಕ್ಕೆ ಕಚ್ಚಿಕೊಂಡಿತು. ಎಪ್ಪತ್ತು ಎಂಬತ್ತು ಸಾವಿರ ನೀರುಪಾಲು. ನಾನೂ ಶೆಡ್ಡಿನ ಒಂದು ಮೂಲೆಯಲ್ಲಿ ಅಡಿಯಷ್ಟು ಅಗೆದು, ಗರಸು (ಮೊರಂ ಮಣ್ಣು) ತುಂಬಿ, ಕಾಂಕ್ರೀಟ್ ಹಾಕಿ ಒಂದು ಮಳೆಗಾಲ ಬಿಟ್ಟು ನೋಡಿದೆ. ಅಂಚಿಗೆ ಬೆರಳು ತೂರುವಷ್ಟು ಸೀಳು ಬಿತ್ತು. ಒಂದಡಿ ಆಳ ಸಾಲದು ಎಂಬುದು ಖಾತ್ರಿಯಾದ ಮೇಲೆ ರಾಯಚೂರಿನ ಆರ್ಕಿಟೆಕ್ಟ್ ಮೇಡಂ ಬಳಿ ಹೋದೆ.

ಅವರು ಪ್ಲಾನ್ ಬರೆಯುವ ಮೊದಲು ಸೆಕ್ಷನ್, ಅಂದರೆ ಕೋಣೆಯನ್ನು ಮೇಲಿಂದ ಕೆಳಗೆ ಸೀಳಿದರೆ ಕಾಣುವ ಚಿತ್ರ, ಬರೆದರು. "ಗೋಡೆ, ಕಿಟಕಿ ಆಮೇಲೆ ನೋಡೋಣ. ಕಾಲ ಕೆಳಗೆ ಏನಿರಬೇಕು, ತಲೆಯ ಮೇಲೆ ಏನಿರಬೇಕು, ಮೊದಲು ಅದನ್ನು ತೀರ್ಮಾನಿಸಿ" ಎಂದರು. ನನ್ನ ದುಡ್ಡು ಉಳಿಸಿದ್ದು ಆ ಒಂದು ಹಾಳೆ.

ಮೂರಡಿ ಎರೆಮಣ್ಣು ತೆಗೆದೆವು. ಕಾಲುವೆ ಲೈನಿಂಗ್ (ಒಳಹೊದಿಕೆ) ಕೆಲಸ ಮಾಡಿದವರಿಗೆ ಇದು ಗೊತ್ತಿರುತ್ತದೆ: ಎರೆಮಣ್ಣಿನ ಮೇಲೆ ಉಬ್ಬದ ಅಂಟುಮಣ್ಣಿನ ದಪ್ಪ ಪದರ ಕೊಡುವುದು, ಮುಂಬೈ ಐಐಟಿಯಲ್ಲಿದ್ದ ಆರ್. ಕೆ. ಕಟ್ಟಿ ಅವರು ರೂಪಿಸಿದ ವಿಧಾನ. ಅದನ್ನೇ ಕೋಣೆಯ ಅಳತೆಗೆ ಇಳಿಸಿ, ಆ ಪದರಕ್ಕೆ ಗರಸು ಬಳಸಿದೆವು. ಶೆಡ್ಡಿನ ಗೋಡೆಯ ಬುನಾದಿ ಆಳವಿಲ್ಲದ್ದರಿಂದ ಒಂದೇ ಸಲಕ್ಕೆ ಅಗೆದಿದ್ದರೆ ಗೋಡೆ ಕೂರುತ್ತಿತ್ತು. ಅದಕ್ಕೇ ನಾಲ್ಕಡಿ ಅಗಲದ ಪಟ್ಟಿ ಅಗೆಯುವುದು, ತುಂಬುವುದು, ದಿಮ್ಮಿಸುವುದು, ಆಮೇಲೆ ಮುಂದಿನ ಪಟ್ಟಿ. ಗೋಡೆಯ ಬುಡದಲ್ಲಿ ಮಣ್ಣನ್ನು ಇಳಿಜಾರಾಗಿ ಬಿಟ್ಟೆವು. ಗರಸು ಹತ್ತು ಹನ್ನೆರಡು ಟ್ರಿಪ್ ಹಿಡಿಯಿತು, ಹದಿನೈದು ಹದಿನೆಂಟು ಸಾವಿರವಾಗಿರಬೇಕು. ಅರ್ಧ ಅಡಿಗೊಂದು ಪದರ, ಪ್ರತಿ ಪದರಕ್ಕೂ ನೀರು, ಕಂಪ್ಯಾಕ್ಟರ್. ಕಾಂಕ್ರೀಟ್ ನೆಲವನ್ನು ಗೋಡೆಗೆ ಅಂಟಿಸಲಿಲ್ಲ, ಸುತ್ತಲೂ ಅರ್ಧ ಇಂಚು ಸಂದು ಬಿಟ್ಟೆವು. ಆ ಸಂದಿಗೆ ಏನು ತುಂಬಿದೆ ಎಂಬುದು ನನ್ನ ಹತ್ತಿರವೇ ಇರಲಿ. ಹೊರಗೆ ಗೋಡೆಯ ಸುತ್ತ ಮೂರಡಿ ಅಗಲ ಇಳಿಜಾರು ಕಾಂಕ್ರೀಟ್ ಹಾಕಿದ್ದೇವೆ. ಇದನ್ನು ಹಾಕದಿದ್ದರೆ ಒಳಗೆ ಮಾಡಿದ್ದೆಲ್ಲ ದಂಡ.

ಎತ್ತರದ ಲೆಕ್ಕ ಬೇರೆ. ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಗ್ಯಾರೇಜಿಗೆ 2.4 ಮೀಟರ್ ಸಾಕು, ವಾಸದ ಕೋಣೆಗೆ 2.75 ಮೀಟರ್ ಬೇಕು. ನೆಲ ಅಂಗಳಕ್ಕಿಂತ ಅರ್ಧ ಅಡಿ ಮೇಲೆ ಬಂದದ್ದರಿಂದ ತಗಡು ಬಿಚ್ಚಿ, ಗೋಡೆಯ ಮೇಲೆ ಸುತ್ತಲೂ ಕಾಂಕ್ರೀಟ್ ಪಟ್ಟಿ ಕಟ್ಟಿ ಎರಡಡಿ ಏರಿಸಿದೆವು. ನಗರಸಭೆಗೆ ಕೊಟ್ಟ ನಕ್ಷೆಯಲ್ಲಿ ಮೇಡಂ ವಾಹನಕ್ಕೆ ಬೇರೆ ಜಾಗ ತೋರಿಸಿದರು.

ತಗಡಿನ ಬದಲು, ಕಾಂಕ್ರೀಟಿನ ನಡುವೆ ಹಂಚು ಕೂರಿಸಿದ ಸ್ಲ್ಯಾಬ್ ಹಾಕುವ ವಿಷಯಕ್ಕೆ ಮೇಸ್ತ್ರಿ ಜಗಳಕ್ಕೇ ನಿಂತ. "ಗುತ್ತೇದಾರರೇ, ಹಂಚು ಸ್ಲ್ಯಾಬಿನೊಳಗೆ ನಿಲ್ಲುವುದಿಲ್ಲ, ನಾಳೆ ಯಾರ ತಲೆಯ ಮೇಲಾದರೂ ಬೀಳುತ್ತದೆ" ಎಂದ. ಗಂಗಾವತಿಯಲ್ಲಿ ಕೆಡವುತ್ತಿದ್ದ ಹಳೆಯ ಅಕ್ಕಿ ಗಿರಣಿಯಿಂದ ಮಂಗಳೂರು ಹಂಚು ತಂದಿದ್ದೆ, ಒಂದಕ್ಕೆ ಏಳೆಂಟು ರೂಪಾಯಿ. ಬೆರಳ ಗೆಣ್ಣಿನಿಂದ ಬಡಿದು, ಟಣ್ ಎಂದವನ್ನು ಇಟ್ಟುಕೊಂಡು ಮಂಕು ಸದ್ದಿನವನ್ನು ಬದಿಗೆ ಹಾಕಿದೆ. ಆರಿಸಿದವನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿದೆವು. ಒಣ ಹಂಚು ಕಾಂಕ್ರೀಟಿನ ನೀರನ್ನೆಲ್ಲ ಕುಡಿದುಬಿಡುತ್ತದೆ. ಕಂಬಿಗಳ ಚೌಕದೊಳಗೆ ಎರಡೆರಡು ಹಂಚು, ನಡುವೆ ಗಾಳಿ ಉಳಿಯುವಂತೆ ಒಂದರ ಮೇಲೊಂದು ಬೋರಲು. ಕಂಬಿಯ ಲೆಕ್ಕವನ್ನು ಮೇಡಂ ಸ್ಟ್ರಕ್ಚರಲ್ ಎಂಜಿನಿಯರರಿಂದ ಮಾಡಿಸಿದ್ದರು. ಕಾಂಕ್ರೀಟ್ ಐದರಲ್ಲೊಂದು ಪಾಲಿನಷ್ಟು ಉಳಿತಾಯವಾಯಿತು. ಸೆಂಟ್ರಿಂಗ್ ಬಿಚ್ಚಿದ ದಿನ ಮೇಸ್ತ್ರಿಯೇ ಏಣಿ ಹತ್ತಿ ಸುತ್ತಿಗೆಯ ಹಿಡಿಯಿಂದ ಹಂಚು ಬಡಿದು ನೋಡಿ, ಇಳಿದು ಬಂದು ಚಹಾ ಕೇಳಿದ.

ಮಾಳಿಗೆಯ ಮೇಲೆ ಇನ್ನೂ ಒಂದಿಷ್ಟು ಪ್ರಯೋಗ ಮಾಡಿದೆ. ಒಂದು ಕಡೆ ಬೋರಲು ಕುಡಿಕೆ ಇಟ್ಟು ಮೇಲೆ ಗಾರೆ, ಇನ್ನೊಂದು ಕಡೆ ಬಿಳಿ ಟೈಲ್ಸ್ ಚೂರು, ಮೂರನೆಯ ಕಡೆ ಬರೀ ಸುಣ್ಣ. ಮಧ್ಯಾಹ್ನ ಮೂರಕ್ಕೆ ಗನ್ ಥರ್ಮಾಮೀಟರ್ ಹಿಡಿದರೆ ಬರೀ ಸಿಮೆಂಟ್ 60 ಡಿಗ್ರಿ ಆಸುಪಾಸು, ಟೈಲ್ಸ್ ಚೂರು 45ರ ಹತ್ತಿರ. ಸುಣ್ಣವೂ ಹೆಚ್ಚು ಕಡಿಮೆ ಅಷ್ಟೇ, ಆದರೆ ಮಳೆಗೆ ತೊಳೆದುಹೋಗುತ್ತದೆ. ಕುಡಿಕೆಯ ಕೆಳಗೆ ತಂಪು ಚೆನ್ನಾಗಿತ್ತು. ಮೆಣಸಿನಕಾಯಿ ಒಣಗಿಸಲು ಜನ ಓಡಾಡಿದ ಕಡೆ ಗಾರೆ ಸೀಳಿ ನೀರು ಇಳಿಯಿತು, ತೆಗೆಸಿದೆ. ಈಗ ಪೂರ್ತಿ ಟೈಲ್ಸ್ ಚೂರು, ಅದರ ಸಂದುಗಳಿಗೆ ಸುಣ್ಣ. ಸುಣ್ಣ ನಿಲ್ಲಲು ಬೆರೆಸಿದ ವಸ್ತು ಮಾರುಕಟ್ಟೆಯಲ್ಲೇ ಸಿಗುತ್ತದೆ. ಹದ ಮಾತ್ರ ಹೇಳುವುದಿಲ್ಲ.

ಪಶ್ಚಿಮಕ್ಕಿದ್ದ ಶಟರ್ ಬಾಯಿಯಲ್ಲಿ ಬಾಗಿಲಿನಷ್ಟು ಬಿಟ್ಟು ಉಳಿದದ್ದನ್ನು ಇಟ್ಟಿಗೆ ಜಾಲಿಯಿಂದ ಮುಚ್ಚಿ, ಉತ್ತರಕ್ಕೆ ಕಿಟಕಿ ತೆಗೆದೆವು. ಒಣ ಸೆಖೆಯ ಪ್ರದೇಶದಲ್ಲಿ ಗಾಳಿ ಬೆಳಕಿನ ಕಿಂಡಿಗಳಿಗೆ ಸಂಹಿತೆ ಹೇಳುವುದು ನೆಲದ ವಿಸ್ತೀರ್ಣದ ಹತ್ತನೇ ಒಂದು ಭಾಗ, ಅಂದರೆ ನನ್ನ ಕೋಣೆಗೆ 24 ಚದರಡಿ. ಗದ್ದೆಯ ಸೊಳ್ಳೆಗೆ ಜಾಳಿಗೆ ಹೊಡೆದರೆ ಗಾಳಿ ಕಡಿಮೆಯಾಗುತ್ತದೆ ಎಂದು ಮೂವತ್ತು ದಾಟಿಸಿದೆ.

ಒಟ್ಟು ಮೂರು ಲಕ್ಷದ ಎಂಬತ್ತು ಸಾವಿರದ ಆಸುಪಾಸು. ಅದರಲ್ಲಿ ಮೇಡಂ ಫೀ ಇಪ್ಪತ್ತೆರಡು ಸಾವಿರ, ಮೂರು ಕಂತು. ಕೆಡವಿ ಕಟ್ಟಲು ನನ್ನದೇ ಅಂದಾಜು ಐದೂವರೆ ಲಕ್ಷ ಇತ್ತು. ಈಗ ಮಾನ್ವಿಯಲ್ಲಿ ಗೊಬ್ಬರದ ಗೋದಾಮೊಂದನ್ನು ಮನೆ ಮಾಡಿಕೊಡಿ ಎಂದು ಕೇಳಿದ್ದಾರೆ. ಗೋಡೆಯ ಬುಡಕ್ಕೆ ಬಿಳಿ ಉಪ್ಪು ಏರಿದೆ. ಗಿಲಾವು ಪೂರ್ತಿ ಕಿತ್ತು, ಒಂದು ಬೇಸಿಗೆ ಒಣಗಲು ಬಿಟ್ಟರೆ ಮಾತ್ರ ಕೈ ಹಾಕುತ್ತೇನೆ ಎಂದು ಹೇಳಿ, ಮೇಡಂ ನಂಬರ್ ಕೊಟ್ಟು ಬಂದಿದ್ದೇನೆ.